ಮೂಲಗೇಣಿ

ಬಂದರಿನ ಐಸ್ ಪ್ಲಾಂಟಿನ ಹಸನಬ್ಬ ಫೋನು ಮಾಡಿದ್ದು ಮಧ್ಯಾಹ್ನ:
"ನಮ್ಮ ಬಿಲ್ಲು ಯಾರಿಗೂ ಮುಟ್ಟುವುದಿಲ್ಲ ಮೇಡಂ.
ಕೊಚ್ಚಿಯವರು ಹೇಳ್ತಾರೆ, ನಿಮ್ಮದು ಕಳ್ಳರ ವಿಳಾಸ ಅಂತ.
ನಲವತ್ತು ವರ್ಷ ಐಸು ಮಾರಿದ್ದೇನೆ,
ನೀರಿಗೆ ನೀರು ಬೆರೆಸಿದ್ದುಂಟು, ಬೇರೇನೂ ಇಲ್ಲ."

ಮಾರ್ಕೆಟ್ ರಸ್ತೆಯ ಮಹಡಿಯಲ್ಲಿ ನಮ್ಮ ಕಂಪೆನಿ.
ಮೊದಲು ಕೇಬಲ್ ಟಿವಿ, ಈಗ ಇಂಟರ್ನೆಟ್ಟು.
ವಯರು ಹಳೆಯದೇ, ರಶೀದಿ ಪುಸ್ತಕ ಹೊಸದು.
ಹೋದ ತಿಂಗಳಷ್ಟೇ ಕೊಂಡದ್ದು ಇನ್ನೂರೈವತ್ತಾರು ನಂಬರು.
ಕೊಂಡದ್ದು ಅನ್ನಬಾರದಂತೆ,
ಒಡೆತನ ಯಾರದ್ದೂ ಅಲ್ಲ, ಉಪಯೋಗಿಸುವ ಹಕ್ಕು ಮಾತ್ರ.
ಮೂಲಗೇಣಿ, ಅಂದುಕೊಂಡೆ. ನಮ್ಮ ಊರಿಗೆ ಹೊಸತಲ್ಲ.

ಹುಡುಕಲಿಕ್ಕೆ ಕೂತೆ.
ಇಂಥ ಕಡತ ಉಂಟೆಂದೇ ಗೊತ್ತಿರಲಿಲ್ಲ:
ಜಪಾನಿನಿಂದ ಜೆಪ್ಪುವಿನವರೆಗೆ ನಂಬರುಗಳೆಲ್ಲ ಒಂದೇ ಪಟ್ಟಿ,
ದಿನಕ್ಕೊಂದು ಹೊಸ ಪ್ರತಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.
ಅರ್ಜಿ ಇಲ್ಲ, ಕೋರ್ಟ್ ಫೀ ಸ್ಟಾಂಪಿಲ್ಲ,
ಸಾಹೇಬರು ಮೀಟಿಂಗಿನಲ್ಲಿಲ್ಲ.
ಅಪ್ಪ ತಾಲೂಕು ಕಚೇರಿಯ ಗುಮಾಸ್ತ,
ಆರ್‌ಟಿಸಿ ಬಂದ ಮೇಲೂ ಅಡಂಗಲ್ ಅಂತಲೇ ಅನ್ನುತ್ತಿದ್ದವರು.
ಒಂದು ನಕಲಿಗೆ ಜನ ಮೂರು ದಿನ ಕಾಯುತ್ತಿದ್ದರು,
ಕೊಡೆ ಮಡಚಿ, ಎಲೆ ಅಡಿಕೆ ಮುಗಿದು,
ಅಪ್ಪನ ಮಸಿ ಒಣಗುವುದನ್ನೇ ನೋಡುತ್ತ.

ಸಾಲು ಸಾಲು, ನಡುವೆ ನೆಟ್ಟಗೆ ಗೀಟು:
ದೇಶ, ಮೊದಲ ನಂಬರು, ಎಷ್ಟು, ಯಾವ ತಾರೀಕು,
ಕೊನೆಗೊಂದು ಶಬ್ದ. ಕೊಟ್ಟಿದೆ. ಕಾದಿರಿಸಿದೆ. ಖಾಲಿ.
ಅಪ್ಪನ ಕಾಲಂಗಳೇ.
ಬೆಳೆ ಯಾವುದು ಎಂಬ ಕಾಲಂ ಮಾತ್ರ ಇಲ್ಲ.

ಬೆಳೆ ನೋಡಲು ಬೇರೆ ಕಡೆ ಹೋಗಬೇಕು.
ಲೋಕದ ಕವಲುದಾರಿಗಳಲ್ಲಿ ಕಿವಿ ಇಟ್ಟು ಕೂತವರುಂಟು,
ಯಾವ ನಂಬರನ್ನು ಯಾರು ಕೂಗಿದರು, ಎಷ್ಟು ಹೊತ್ತಿಗೆ,
ಯಾವಾಗ ಸುಮ್ಮನಾದರು,
ಎಲ್ಲ ಬರೆದಿಟ್ಟು ಬಾಗಿಲು ತೆರೆದೇ ಮಲಗುತ್ತಾರೆ.
ಎಂಥ ಜನವೋ, ಸಂಬಳ ಯಾರು ಕೊಡುತ್ತಾರೋ.

ಬಾಂಗು ಕೂಗುವ ಹೊತ್ತಿಗೆ ನಮ್ಮ ಗದ್ದೆಯ ಚರಿತ್ರೆ ಸಿಕ್ಕಿತು.
ಒಂಬತ್ತು ವರ್ಷ ಹಡಿಲು.
ಮತ್ತೆ ಒಂದು ಫೆಬ್ರವರಿ, ಹದಿನೇಳೇ ದಿನ,
ಎಲ್ಲಿಂದಲೋ ಯಾರೋ ಬೇಲಿ ಸರಿಸಿ ಬಂದು
ಲಕ್ಷಗಟ್ಟಲೆ ಸುಳ್ಳು ಕಾಗದ ಬಿತ್ತಿ, ಕೊಯ್ದು, ಹೋಗಿದ್ದಾರೆ.
ಕೂಳೆ ಉಳಿದಿದೆ.
ಹಸನಬ್ಬನ ಕಾಲಿಗೆ ಚುಚ್ಚಿದ್ದು ಅದು.

ಅದಕ್ಕೂ ಮೊದಲಿನ ಒಕ್ಕಲು?
ಬಲ್ಮಠದಲ್ಲೊಂದು ಕಂಪ್ಯೂಟರ್ ಕ್ಲಾಸು,
ಲಿಗೋರಿ ಮಥಾಯಸ್, ಏಳಂಕಿಯ ಲ್ಯಾಂಡ್‌ಲೈನು.
ಸುಮ್ಮನೆ ಒತ್ತಿದೆ. ರಿಂಗಾಯಿತು!
ಹೆಂಗಸಿನ ದನಿ, ಹಿಂದೆ ಹೊಲಿಗೆ ಮೆಷಿನಿನ ಗಡಗಡ.
"ಕ್ಲಾಸು ಅಲ್ಲಮ್ಮ, ಇದು ಟೈಲರಿಂಗ್.
ಈ ನಂಬರು ನಮಗೆ ಸಿಕ್ಕಿದ ಮೇಲೆ
ಅವರನ್ನು ಕೇಳುವವರು ವರ್ಷಕ್ಕೆ ಇಬ್ಬರಾದರೂ ಉಂಟು.
ಮೊದಲೆಲ್ಲ ಬೈಯುತ್ತಿದ್ದೆ.
ಈಗ ಯಾರೂ ಕೇಳದಿದ್ದರೆ, ಆ ಜನಕ್ಕೆ ಎಂತಾಯ್ತೋ ಅನಿಸ್ತದೆ.
ನಿಮಗೆ ಬ್ಲೌಸು ಏನಾದ್ರೂ ಹೊಲಿಸ್ಲಿಕ್ಕೆ ಉಂಟಾ?"

ಉಂಟು ಅಂದೆ.

ಕಪ್ಪು ಪಟ್ಟಿಯವರಿಗೆಲ್ಲ ಬರೆದೆ ರಾತ್ರಿ:
ನಾವು ಹೊಸ ಒಕ್ಕಲು, ಐಸು ಮಾರುವವರು, ದಯವಿಟ್ಟು.
ಒಬ್ಬರು ಒಂದೇ ನಿಮಿಷದಲ್ಲಿ ಬಿಟ್ಟರು,
ಒಬ್ಬರು ಸಾಕ್ಷಿ ಕೇಳಿದರು,
ಮೂರನೆಯವರ ವಿಳಾಸವೇ ಸತ್ತಿತ್ತು.

ಹೊಸ ದಾಖಲೆಗೆ ಸಂಪರ್ಕದ ಹೆಸರು ಬೇಕಂತೆ.
ಹರಿಣಾಕ್ಷಿ ಬಂಗೇರ ಎಂದು ತುಂಬಿದೆ,
ಕೆಳಗೆ ನನ್ನ ಮೊಬೈಲು,
ಹತ್ತು ಅಂಕಿ, ಎರಡು ಸಲ ಸರಿ ನೋಡಿ.
ನಾಳೆ ಲೋಕಕ್ಕೆಲ್ಲ ಕಾಣುತ್ತದೆ ಅಂದರು.
ತಡೆಯಲಾರದೆ ಮಧ್ಯರಾತ್ರಿ ಎದ್ದು ತೆರೆದು ನೋಡಿದೆ.
ಲಿಗೋರಿ ಮಥಾಯಸರೇ ಇದ್ದರು ಇನ್ನೂ.